ಚಕ್ರ ಬಿಚ್ಚದ ದಿನ

ಪಾದ್ರಿಗಳು ಕಡೇ ದಿನದ ತೀರ್ಪಿನ ಮಾತೆತ್ತಿದರೆ ಸಾಕು, ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಬೆಂಚು ಕಿರ್ರೆನ್ನಲಿ ಎಂದೇ ಜೋರಾಗಿ ಏಳುತ್ತಿದ್ದ. ಮಾನ ಹೋಯಿತೆಂದು ಅಮ್ಮ ತಲೆ ತಗ್ಗಿಸುವಳು. ಒಂಬತ್ತು ವರ್ಷ ಇದೇ ಕಥೆ. ಅಷ್ಟು ವರ್ಷವೂ ಅವನು, ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟಲಿಲ್ಲ.

ಅಪ್ಪ ಬಸ್ ಡಿಪೋದಲ್ಲಿ ಬ್ರೇಕ್ ಮೆಕ್ಯಾನಿಕ್. ಚಕ್ರ ಬಿಚ್ಚಿ ನೋಡಬೇಕಾದ್ದನ್ನು ಸುತ್ತಿಗೆಯಿಂದ ಒಂದೇಟು ಹಾಕಿ, ಸದ್ದಿನಲ್ಲೇ ಹೇಳಿಬಿಡುತ್ತೇನೆ ಎಂಬ ಜಂಬ ಅವನಿಗೆ. ಡಿಪೋದವರು 'ಕಿವಿ ಮೇಷ್ಟ್ರು' ಎಂದು ಉಬ್ಬಿಸುತ್ತಿದ್ದರು. ಆ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಒಂಬತ್ತು ವರ್ಷದ ಹಿಂದೆ, ಅಲ್ಲೇ ಡ್ರೈವರ್ ಆಗಿದ್ದ ಚಿಕ್ಕಪ್ಪ ಒಂದು ಬೆಳಿಗ್ಗೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಚಕ್ರ ಬಿಚ್ಚಿ ನೋಡು ಎಂದು ಎರಡು ಸಲ ಹೇಳಿದ. ಅಪ್ಪ ಒಂದೇಟು ಹಾಕಿ, ಸರಿಯಿದೆ ಎಂದು ಪುಸ್ತಕದಲ್ಲಿ ರುಜು ಮಾಡಿದ. ಇಳಿಜಾರಿನಲ್ಲಿ ಬಸ್ಸು ನಿಲ್ಲಲಿಲ್ಲ. ಚಿಕ್ಕಪ್ಪ ಅದನ್ನು ಗೋಡೆಗೆ ಗುದ್ದಿಸಿ ಜನರನ್ನು ಉಳಿಸಿದ. ಅವನ ಮಂಡಿ ಪುಡಿಯಾಯಿತು. ಮೆಕ್ಯಾನಿಕ್‌ನ ರುಜು ಇತ್ತಲ್ಲ, ತಪ್ಪು ಡ್ರೈವರ್‌ನದೇ ಎಂದಾಯಿತು. ಅವನ ಕೆಲಸ ಹೋಯಿತು. ಅಪ್ಪ ತುಟಿ ಬಿಚ್ಚಲಿಲ್ಲ. ಅವನು ಚಕ್ರ ಬಿಚ್ಚದೆ ರುಜು ಹಾಕಿದ್ದು ಮನೆಯಲ್ಲಿ ನಮಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಚರ್ಚಿನ ಗೇಟಿನ ಹತ್ತಿರ ನಿಂತಿದ್ದ ಅಪ್ಪನ ಬಳಿಗೆ ಪಾದ್ರಿಗಳೇ ಬಂದರು. ಅಪ್ಪ ಮೊದಲೇ ಸೆಟೆದುಕೊಂಡ.

"ನರಕ ತೋರಿಸಿ ನನ್ನ ಹೆದರಿಸಬೇಡಿ. ದೇವರಿಗೆ ಬೇಕಾದ್ರೆ ಅವನೇ ಬಂದು ಕೇಳಲಿ."

"ಬ್ರೇಕ್ ಹಿಡೀತಿಲ್ಲ ಅಂತ ಹೇಳೋನು ಹೆದರಿಸ್ತಾನಾ, ಕಾಪಾಡ್ತಾನಾ? ನೀವೇ ಹೇಳಿ."

ಪಾಪ, ಅವರಿಗೇನೂ ಗೊತ್ತಿರಲಿಲ್ಲ. ಅಪ್ಪನ ಕಸುಬು ನೋಡಿ ಆಡಿದ ಮಾತು. ಅಪ್ಪನ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಚಿಕ್ಕಪ್ಪನ ಮನೆಗೆ ನಡೆದ. ನಾನು ಹಿಂದೆಯೇ ಓಡಿದೆ.

ಚಿಕ್ಕಪ್ಪ ಕಾಲು ಚಾಚಿಕೊಂಡು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಚೀಲ ಹೊಲಿಯುವುದೇ ಅವನ ಹೊಟ್ಟೆಪಾಡು. ಚರ್ಚಿನ ಮೆಟ್ಟಿಲು ಹತ್ತುವುದನ್ನು ಎಂದೋ ಬಿಟ್ಟಿದ್ದ.

"ನಾನು ಅವತ್ತು ಚಕ್ರ ಬಿಚ್ಚಲಿಲ್ಲ ಕಣೋ," ಎಂದ ಅಪ್ಪ, ಹೊಸಿಲಲ್ಲೇ ನಿಂತು.

"ಗೊತ್ತು ಅಣ್ಣ. ಆಸ್ಪತ್ರೇಲೇ ಕ್ಷಮಿಸಿಬಿಟ್ಟೆ. ನೀನು ತಗೊಳ್ಳೋಕೆ ಬರಲಿಲ್ಲ, ಅಷ್ಟೇ."

ಅಪ್ಪ ಹೊಸಿಲ ಮೇಲೆ ಕುಸಿದು ಅತ್ತ. ಯೇಸುವೇ ಎಂದು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ತಪ್ಪು ನನ್ನದೇ ಎಂದು ಡಿಪೋಗೆ ಬರೆದುಕೊಡುತ್ತೇನೆ ಎಂದು ಅಪ್ಪ ಹೊರಟಾಗ ಅಮ್ಮನಿಂದ ಹಿಡಿದು ಚರ್ಚಿನ ಹಿರಿಯರವರೆಗೆ ಎಲ್ಲರೂ ತಡೆದರು. ದೇವರೇ ಕ್ಷಮಿಸಿದ ಮೇಲೆ ಕೆದಕುವುದೇಕೆ, ಕೆಲಸಕ್ಕೆ ಕುತ್ತು ಬರುತ್ತದೆ ಎಂದರು.

"ಕ್ಷಮೆ ಇಲ್ಲದಿದ್ದಾಗ ಹೆದರಿ ಬಾಯಿ ಮುಚ್ಚಿದ್ದೆ," ಎಂದ ಅಪ್ಪ. "ಈಗ ಯಾರಿಗೆ ಹೆದರಲಿ?"

ಮ್ಯಾನೇಜರ್ ಆ ಕಾಗದವನ್ನು ಎರಡು ಸಲ ಹಿಂದಕ್ಕೆ ತಳ್ಳಿದರು. ಮೂರನೆಯ ಸಲ ಅಪ್ಪ ಕಾಗದ ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಸುತ್ತಿಗೆ ಇಟ್ಟು ಬಂದ. ಅವನ ಕೆಲಸ ಹೋಯಿತು. ಚಿಕ್ಕಪ್ಪನ ಹೆಸರಿನ ಮೇಲಿದ್ದ ಕಳಂಕವೂ ಹೋಯಿತು.

ಮುಂದಿನ ಭಾನುವಾರ ಪಾದ್ರಿಗಳು ತೀರ್ಪಿನ ಮಾತೆತ್ತಿದರು. ಬೆಂಚು ಕಿರ್ರೆಂದಿತು. ಚರ್ಚಿಗೆ ಚರ್ಚೇ ತಿರುಗಿ ನೋಡಿತು. ಅಪ್ಪ ಎಲ್ಲರನ್ನೂ ದಿಟ್ಟಿಸಿ ನೋಡಿ, ಪಕ್ಕಕ್ಕೆ ಬಂದು ಕೂತಿದ್ದ ಚಿಕ್ಕಪ್ಪನ ಮಡಿಸಲಾಗದ ಕಾಲಿಗೆ ಜಾಗ ಬಿಟ್ಟು, ಸರಿದು ಕೂತ.