ಸಾಹೇಬರ ಕುರ್ಚಿಗೆ ಕೆಂಪು ಚೀಟಿ

ಮನುಷ್ಯನ ಯೋಗ್ಯತೆಯನ್ನು ಅವನು ತನ್ನ ಹತ್ಯಾರಗಳನ್ನು ಇಡುವ ರೀತಿಯಿಂದ ಅಳೆಯಬೇಕು ಎಂದು ನಾನು ಬಹುಕಾಲ ಗಂಭೀರವಾಗಿ ಹೇಳಿಕೊಂಡು ಬಂದಿದ್ದೆ. ಮೊನ್ನೆ ನನ್ನದೇ ಸ್ಕ್ರೂಡ್ರೈವರ್ ಉಪ್ಪಿನಕಾಯಿ ಭರಣಿಯ ಹಿಂದೆ ಸಿಕ್ಕ ಮೇಲೆ ಹೇಳುವುದನ್ನು ಬಿಟ್ಟೆ. ಅದೇ ಹೊತ್ತಿಗೆ ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಗೇಟಿಗೆ ಹಳದಿ ಬಣ್ಣ ಹೊಡೆಸುತ್ತಿದ್ದರು. ಟರ್ಪೆಂಟೈನ್ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ತರಬೇತಿ ಸಾಹೇಬರೂ ನೆನಪಿಗೆ ಬಂದರು, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದುಕೊಂಡು...

ನಾನಾಗ ಇಂಡಿ ಪಟ್ಟಣದ ಹೊರಗೆ, ಸಿಂದಗಿ ರಸ್ತೆಯ ಮೇಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಟ್ರ್ಯಾಕ್ಟರಿಗೆ ಕಟ್ಟಿ ಬಿತ್ತುವ ಕೂರಿಗೆಗಳನ್ನು ಮಾಡುತ್ತಿದ್ದೆವು. ಕಾರ್ಖಾನೆ ಎಂದದ್ದು ಮಾಲಕರ ಮೇಲಿನ ಗೌರವದಿಂದ. ಇದ್ದದ್ದು ತಗಡಿನ ಷೆಡ್ಡು. ನಟ್ಟು ತಿರುಗಿಸುವ ಒಂದು ಪಾನಾ ಬೇಕೆಂದರೂ ಸ್ಟೋರಿನ ಕಿಟಕಿಗೆ ಹೋಗಿ, ಅದನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಚಾಚಾರನ್ನು ಕೇಳಬೇಕಿತ್ತು. ಚಾಚಾ ಪಾನಾದ ಜೊತೆಗೆ ಸುದ್ದಿಯನ್ನೂ ಕೊಡುತ್ತಿದ್ದರು. ಹೋದವನು ಹೊರ್ತಿಯಲ್ಲಿ ಯಾರ ಮದುವೆ ಮುರಿಯಿತು ಎಂಬುದನ್ನು ಪೂರ್ತಿ ತಿಳಿದುಕೊಂಡು, ಪಾನಾ ಮರೆತು ಬರುತ್ತಿದ್ದ. ಉತ್ಪಾದನೆ ಹೀಗೆ ಸುಗಮವಾಗಿ ಸಾಗಿತ್ತು.

ಇಂಥಲ್ಲಿಗೆ ಮಾಲಕರು ಸಾಹೇಬರನ್ನು ಕರೆಸಿದರು, ಕೆಲಸ ಸುಧಾರಿಸುವ ತರಬೇತಿಗೆಂದು. ಸುಧಾರಿಸುತ್ತೇನೆ ಎಂದು ಯಾರಾದರೂ ಬಂದರೆ ನಾವು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ ಮಂದಿ. ಸಾಹೇಬರು ಮುದ್ದೇಬಿಹಾಳದ ಕಡೆಯವರು, ಪುಣೆಯ ಕಾರ್ಖಾನೆಗಳಲ್ಲಿ ತಲೆ ನರೆಸಿಕೊಂಡವರು. ನಮ್ಮ ಮಾತನ್ನೇ ಆಡುತ್ತಿದ್ದರು; ಅದರಿಂದ ಸಂಶಯ ಇನ್ನೂ ಬಲಿಯಿತು. ಬೇರೆ ಭಾಷೆಯವರಾಗಿದ್ದರೆ ಎದುರಿಗೇ ಬೈಯಬಹುದಿತ್ತು.

ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ನಾ ಹೇಳೂದು ಬರಾಬರಿ ಕಲತ್ರಿ ಅಂದ್ರ, ಕಡೀಗೆ ಇಲ್ಲಿ ಒಬ್ಬ ಮನಷ್ಯಾ ಬೇಕಾಗೂದಿಲ್ಲ."

"ಯಾರ್ರಿ ಅಂವ?" ಎಂದು ನಮ್ಮ ವೆಲ್ಡರ್ ಕೇಳಿದ.

"ಕಲತ ಮ್ಯಾಲ ನೀವ ಹೇಳ್ತೀರಿ."

ಎಲ್ಲರ ಕಣ್ಣೂ ಸ್ಟೋರಿನ ಕಿಟಕಿಯ ಕಡೆ ತಿರುಗಿದವು. ಚಾಚಾ ಕಿಟಕಿಯ ಬಾಗಿಲನ್ನು ಅರ್ಧ ಮುಚ್ಚಿಕೊಂಡರು. ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸ ಕೊಡುವಂತೆಯೂ ಇರಲಿಲ್ಲ.

ಸಾಹೇಬರು ಕೂಡಿಸಿ ಪಾಠ ಹೇಳಲಿಲ್ಲ. ಷೆಡ್ಡಿನಲ್ಲಿದ್ದದ್ದನ್ನೆಲ್ಲ ನಮ್ಮ ಕೈಯಿಂದಲೇ ಅಂಗಳಕ್ಕೆ ಹೊರಿಸಿದರು. ಬೇಡವೆನಿಸಿದ್ದಕ್ಕೆ ಕೆಂಪು ಚೀಟಿ ಕಟ್ಟಬೇಕು, ಒಂದು ತಿಂಗಳು ಕಾಯಬೇಕು. ಅಷ್ಟರಲ್ಲಿ ಯಾರಾದರೂ 'ಇದು ಇಂಥ ಕೆಲಸಕ್ಕೆ ಬೇಕು' ಎಂದರೆ ಉಳಿಯಿತು, ಇಲ್ಲದಿದ್ದರೆ ಗುಜರಿಗೆ. ಕಬ್ಬಿಣ ಬಡಿಯುವ, ತುಕ್ಕು ಹಿಡಿದ ಒಂದು ಹಳೆಯ ಅಡಿಗಲ್ಲಿಗೆ ಚೀಟಿ ಬಿದ್ದಾಗ ವೆಲ್ಡರ್ ಅಡ್ಡ ಬಂದ.

"ಅದು ಬೇಕ್ರಿ."

"ಎದಕ್ಕ?"

"ದಸರಾದಾಗ ಖಂಡೇ ಪೂಜಿಗಿ. ವರ್ಷಾ ಮೊದಲ ಕುಂಕುಮ ಅದಕ್ಕ."

ಸಾಹೇಬರು ಕೊಂಚ ಯೋಚಿಸಿ ಚೀಟಿ ಬಿಚ್ಚಿದರು. "ಕೆಲಸಾ ಐತಿ ಅಂದಂಗಾತು. ಇರ್ಲಿ." ಈ ಔದಾರ್ಯವೂ ನಮಗೆ ಅನುಮಾನಾಸ್ಪದವಾಗಿ ಕಂಡಿತು.

ಆಮೇಲೆ ಪ್ರತಿ ಬೆಂಚಿನ ಹಿಂದೆ ಹಲಗೆ ಹೊಡೆಸಿ, ಅದರ ಮೇಲೆ ಪಾನಾ, ಸುತ್ತಿಗೆ, ಇಕ್ಕಳಗಳ ಆಕಾರವನ್ನು ನಮ್ಮಿಂದಲೇ ಹಳದಿ ಬಣ್ಣದಲ್ಲಿ ಬರೆಸಿದರು. ಹತ್ಯಾರ ಅದರದರ ಆಕಾರದ ಮೇಲೆಯೇ ತೂಗಬೇಕು. ಎಲ್ಲವೂ ಕೈಗೆ ಸಿಗುವಂತಾದರೆ ಚಾಚಾರ ಕಿಟಕಿಗೆ ಹೋಗುವವರು ಯಾರು? ನಾವು ಉಪಾಯ ಹೂಡಿದೆವು. ಸಂಜೆ ಪಾನಾಗಳನ್ನು ಹಲಗೆಗೆ ಹಾಕದೆ ಕಿಟಕಿಗೇ ಕೊಟ್ಟು ಹೋಗತೊಡಗಿದೆವು. ಬೆಳಿಗ್ಗೆ ಹಲಗೆಯ ತುಂಬ ಬರೀ ಹಳದಿ ನೆರಳುಗಳು... ಸಾಹೇಬರು ಕಿಟಕಿಗೆ ಹೋಗಿ, ಎಲ್ಲವನ್ನೂ ಇಸಿದುಕೊಂಡು ಬಂದು, ಒಂದೊಂದಾಗಿ ತೂಗುಹಾಕುತ್ತಿದ್ದರು. ನಾವು ಅವರಿಗೆ ಚಾ ಕೊಡುವುದನ್ನೂ ನಿಲ್ಲಿಸಿದೆವು.

ಒಂದು ದಿನ ಯಾರೋ ಅವರ ಕುರ್ಚಿಗೇ ಕೆಂಪು ಚೀಟಿ ಕಟ್ಟಿದರು. ಸಾಹೇಬರು ಚೀಟಿಯನ್ನು ತಿರುಗಿಸಿ ನೋಡಿದರು. ಬಿಚ್ಚಲಿಲ್ಲ. ಅಂದಿನ ತಾರೀಖು ಬರೆದು, ಅದೇ ಕುರ್ಚಿಯಲ್ಲಿ ಕುಳಿತರು.

ಈ ನಡುವೆ, ನಮ್ಮ ಒಪ್ಪಿಗೆಯಿಲ್ಲದೆಯೇ, ಕೆಲಸ ಹಗುರಾಗುತ್ತ ಬಂತು. ಕೈ ಚಾಚಿದರೆ ಪಾನಾ. ಬೆಂಚನ್ನು ಬಾಗಿಲ ಕಡೆ ಸರಿಸಬೇಕೋ ಬೇಡವೋ ಎಂದು ನಾವು ನಾವೇ ಜಗಳಾಡಿ, ಸಾಹೇಬರನ್ನು ಕೇಳದೆಯೇ ಸರಿಸಿಯೂ ಬಿಟ್ಟೆವು. ಅವರು ದೂರ ನಿಂತು ನೋಡಿದರು. ಅವರ ಮುಖದಲ್ಲಿ ಸಂತೋಷವಿತ್ತು. ಏನೋ ಮಸಲತ್ತು ಇರಬೇಕೆಂದುಕೊಂಡೆವು.

ಚೀಟಿಗೆ ತಿಂಗಳು ತುಂಬಿದ ದಿನ ಸಾಹೇಬರು ಕುರ್ಚಿಯನ್ನು ಅಂಗಳಕ್ಕೆ ತಂದು, ಗುಜರಿಗೆ ಹೋಗುವ ಸಾಮಾನುಗಳ ಸಾಲಿನಲ್ಲಿಟ್ಟರು.

"ಇದು ಯಾರಿಗರೆ ಬೇಕೇನ್ರಿ? ಎದಕ್ಕ ಬೇಕು, ಅದನ್ನಷ್ಟ ಹೇಳ್ರಿ."

ಇದು ಬಲೆಯೆಂದು ನಮಗೆ ಖಾತ್ರಿಯಾಯಿತು. ಬೇಕೆಂದರೆ ಈ ಮನುಷ್ಯ ಉಳಿಯುತ್ತಾನೆ. ಉಳಿದರೆ ಚಾಚಾ ಹೋಗುತ್ತಾರೆ. ವೆಲ್ಡರ್ ಆಕಾಶ ನೋಡಿದ. ನಾನು ವೆಲ್ಡರನನ್ನು ನೋಡಿದೆ. ಚಾಚಾ ಮಾತ್ರ ಕಿಟಕಿಯಿಂದ, "ಚಾ ಕುಡದ ಹೋಗ್ರಿ ಸಾಹೇಬ್ರ," ಎಂದರು.

"ಬಸ್ಸಿನ ಹೊತ್ತಾತು, ಚಾಚಾ," ಎಂದು ಸಾಹೇಬರು ಚೀಲ ಹೆಗಲಿಗೇರಿಸಿ ನಡೆದರು...

ಮರುದಿನ ಮಾಲಕರು ಬಂದು, ಪ್ರತಿ ಸಂಜೆ ಹಲಗೆಗಳನ್ನೆಲ್ಲ ನೋಡಿ, ಖಾಲಿ ನೆರಳು ಕಂಡಲ್ಲಿ ಹತ್ಯಾರ ಹುಡುಕಿಸುವುದು ಇನ್ನು ಮೇಲೆ ಚಾಚಾರ ಕೆಲಸ ಎಂದರು. ಸಾಹೇಬರೇ ಹೇಳಿ ಹೋಗಿದ್ದರಂತೆ.

"ಒಬ್ಬಾಂವ ಬ್ಯಾಡಾಗ್ತಾನ ಅಂದಿದ್ರಲ್ರಿ?" ವೆಲ್ಡರ್ ಬಿಡಲಿಲ್ಲ.

"ಅವ್ರು ನಿನ್ನಿ ಹ್ವಾದ್ರಲ್ಲೋ," ಎಂದರು ಮಾಲಕರು.

ಇದನ್ನೂ ನಾನು ಕೂಡಲೇ ನಂಬಲಿಲ್ಲ. ಎಷ್ಟೋ ದಿನ, ಬೆಳಿಗ್ಗೆ ಬಂದ ಕೂಡಲೇ ಚಾಚಾ ಇದ್ದಾರೋ ಇಲ್ಲವೋ ಎಂದು ಮೊದಲು ಇಣುಕಿ ನೋಡುತ್ತಿದ್ದೆ. ಇದ್ದೇ ಇರುತ್ತಿದ್ದರು. ಈಚೆಗೆ ನಿಡಗುಂದಿಯ ಬಸ್ಸಿನಲ್ಲಿ ಸಿಕ್ಕ ಹಳೆಯ ವೆಲ್ಡರ್, ಸಾಹೇಬರು ತೀರಿಕೊಂಡರು ಎಂದ. ಅವನ ಮಾತೆಂದು ನಂಬದೆ ಬೇರೆ ಇಬ್ಬರನ್ನು ವಿಚಾರಿಸಿದೆ. ನಿಜವಾಗಿತ್ತು.

ಮೊನ್ನೆ ಸ್ಕ್ರೂಡ್ರೈವರನ್ನು ಅಡಿಗೆಮನೆಯ ಗೋಡೆಗೆ ಹಿಡಿದು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ.

"ಗ್ವಾಡಿ ಯಾಕ ಹೊಲಸ ಮಾಡಾಕತ್ತೀರಿ?" ಎಂದಳು ನನ್ನಾಕೆ.

ನಾನು ಗೆರೆಯೊಳಗೆ ಎರಡು ಮೊಳೆ ಹೊಡೆದು ಸ್ಕ್ರೂಡ್ರೈವರನ್ನು ತೂಗುಹಾಕಿದೆ. ಚಾಚಾ ಕಣ್ಣು ಮಂಜಾಗುವ ತನಕ ಅದೇ ಕೆಲಸದಲ್ಲಿದ್ದರು. ಸಾಹೇಬರನ್ನು ಮತ್ತೆ ಕರೆಸಲಿಲ್ಲ. ಕುರ್ಚಿ ಗುಜರಿಗೆ ಹೋಯಿತು.