ಹದಿನೇಳನೇ ಕಲ್ಲು

ಉಪ್ಪಿನಕಾಯಿ ಭರಣಿಯೊಳಗೆ ಭಾರಕ್ಕಿಡುತ್ತಿದ್ದ ಕಲ್ಲು ಥಾಣೆಯಿಂದ ಡೊಂಬಿವಲಿಗೆ ಮನೆ ಶಿಫ್ಟ್ ಮಾಡುವಾಗ ಎಲ್ಲೋ ಹೋಗಿತ್ತು. ಮಾವಿನಮಿಡಿ ಉಪ್ಪುನೀರಿನಲ್ಲಿ ಮುಳುಗದೆ ತೇಲುತ್ತಿದ್ದಾಗ, ಬಾಲ್ಕನಿಯಲ್ಲಿ ಪೇಪರಿನ ಮೇಲೆ ಒಣಗಲಿಟ್ಟಿದ್ದ ಮಗಳ ಕಲ್ಲುಗಳಲ್ಲಿ ಒಂದನ್ನು ತಂದು ಇಟ್ಟುಬಿಟ್ಟೆ. ಕಪ್ಪಗೆ, ಗಟ್ಟಿಯಾಗಿ, ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಅಷ್ಟೊಂದು ಕಲ್ಲುಗಳಲ್ಲಿ ಒಂದು ತೆಗೆದರೆ ಏನು ಮಹಾ ಅಂದುಕೊಂಡೆ.

ಮಗಳು ಆಗ ಜಿಯಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಬಿಲ್ಡಿಂಗಿನ ಪಾಯದ ಕೆಳಗಿನ ಬಂಡೆಯೂ ಅಂಬರನಾಥದಾಚೆಯ ಗುಡ್ಡಗಳೂ ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ಅದನ್ನು ಸೀಳಿಕೊಂಡು ಆಳದಿಂದ ಶಿಲಾರಸ ಎದ್ದು ಆರಿದ ಕಲ್ಲುಗೋಡೆಗಳು ಅಲ್ಲಲ್ಲಿವೆ. ಅವೇ ಅವಳ ಸಬ್ಜೆಕ್ಟ್. ನಮ್ಮ ನೆಲ ಈಗ ಸಮುದ್ರದಾಚೆ ದ್ವೀಪಗಳಾಗಿರುವ ಸೇಶೆಲ್ಸ್‌ನಿಂದ ಬಿರಿದು ಬೇರೆಯಾಯಿತಲ್ಲ, ಗೋಡೆ ಎದ್ದದ್ದು ಅದಕ್ಕೆ ಮೊದಲೋ ಆಮೇಲೋ ಎಂಬುದು ಅವಳ ಪ್ರಶ್ನೆ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದ ಸಿಸ್ಟರ್ ಖಂಡಗಳೆಲ್ಲ ಪರ್ಮನೆಂಟ್ ಎಂದಿದ್ದರು, ಪಾಪ.

ಒಂದು ಭಾನುವಾರ, ಲ್ಯಾಬಿಗೆ ಕಳಿಸಲು ಪ್ಯಾಕ್ ಮಾಡುತ್ತಿದ್ದವಳು ಕೇಳಿದಳು: "ಅಮ್ಮಾ, ಸೆವೆಂಟೀನ್ ನಂಬರ್ ಕಲ್ಲು ನೋಡಿದ್ಯಾ? ಅದೇ ಮೇನ್ ಸ್ಯಾಂಪಲ್."

"ಇಲ್ವಲ್ಲೇ," ಎಂದೆ.

ಆ ಸುಳ್ಳು ಹೇಗೆ ಬಾಯಿಂದ ಜಾರಿತೋ. ಆ ರಾತ್ರಿಯೇ ಕಲ್ಲನ್ನು ತೆಗೆದು ತೊಳೆದೆ, ಮತ್ತೆ ತೊಳೆದೆ. ಉಪ್ಪಿನ ವಾಸನೆ ಬಿಡಲಿಲ್ಲ. ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಅಡುಗೆಮನೆಗೂ ಕಪಾಟಿಗೂ ನಡುವೆ ಓಡಾಡುತ್ತ ವಾರ ಕಳೆಯಿತು. ತಪ್ಪಿದ್ದರೆ ಎದ್ದು ನಿಂತು ಓನ್ ಅಪ್ ಮಾಡಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಪ್ರತಿ ಸಂಜೆ ಅವಳು ಬ್ಯಾಗ್ ಇಡುವುದರೊಳಗೆ ಹೇಳಬೇಕೆಂದುಕೊಂಡು, ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಟವೆಲ್ ಸಮೇತ ಅವಳ ಮುಂದಿಟ್ಟೆ.

ಅವಳು ಮೂಸಿ ನೋಡಿದಳು. "ಉಪ್ಪಿನಕಾಯಿಯಾ?"

"ತೊಳೆದಿದೀನಿ ಕಣೇ."

"ಅಮ್ಮಾ, ಸೋಡಿಯಂ, ಪೊಟ್ಯಾಸಿಯಂ ಲೆಕ್ಕದ ಮೇಲೇ ಇದರ ವಯಸ್ಸು, ಕೆಮಿಸ್ಟ್ರಿ ಎಲ್ಲಾ ನಿಂತಿರೋದು. ಈಗ ಬರೋ ನಂಬರ್ ಕಲ್ಲು ಹೇಳಿದ್ದೋ ನಿನ್ನ ಉಪ್ಪಿನಕಾಯಿ ಹೇಳಿದ್ದೋ, ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಎದ್ದು ಸುತ್ತಿಗೆ ತೆಗೆದುಕೊಂಡಳು. "ಚಲ್, ಇನ್ನೊಂದು ತರೋಣ."

ಅಂಬರನಾಥಕ್ಕೆ ಲೋಕಲ್ ಟ್ರೇನ್ ಹಿಡಿದು, ಅಲ್ಲಿಂದ ರಿಕ್ಷಾದಲ್ಲಿ ಹೋದೆವು. ಹದಿನೇಳನೇ ಕಲ್ಲು ಒಡೆದು ತಂದಿದ್ದ ಗೋಡೆಯ ಜಾಗದಲ್ಲಿ ಹೊಸ ಬಿಲ್ಡಿಂಗಿಗೆ ನೆಲ ಸಮ ಮಾಡಿದ್ದರು. ಪಕ್ಕದಲ್ಲಿ ಒಡೆದ ಕಲ್ಲಿನ ರಾಶಿ.

"ಗುರುವಾರ್ ಕೋ ತೋಡ್ ದಿಯಾ, ಮ್ಯಾಡಮ್," ಎಂದ ವಾಚ್‌ಮನ್.

ಒಡೆದು ಇನ್ನೂ ಮೂರೇ ದಿನ. ನಾನು ರಾಶಿಯಿಂದ ಒಂದು ಕಪ್ಪು ಕಲ್ಲು ಎತ್ತಿದೆ. "ಇದು ಅದೇ ಅಲ್ವಾ?"

"ಇರಬಹುದು. ಗೋಡೇದೋ, ಪಕ್ಕದ ಲಾವಾದೋ, ಬೇರೆ ಕಡೆಯಿಂದ ತಂದು ಸುರಿದಿದ್ದೋ. ಇರಬಹುದು ಅಂತ ಥೀಸಿಸ್‌ನಲ್ಲಿ ಬರೆಯೋಕಾಗಲ್ಲ." ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು: "ಭರಣೀಲಿರೋದೇ ಸೆವೆಂಟೀನ್ ಅಂತ ನಿಂಗೆ ಯಾವತ್ತು ಗೊತ್ತಾಯ್ತು?"

ಇವತ್ತೇ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ನೀನು ಕೇಳಿದ ದಿನವೇ," ಎಂದೆ.

ಡೊಂಬಿವಲಿವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಅವಳ ಥೀಸಿಸ್‌ನ ಮ್ಯಾಪಿನಲ್ಲಿ ಆ ಗೋಡೆ ಇದೆ, ಅದು ಯಾವ ದಿಕ್ಕಿಗೆ ಓಡಿತ್ತು ಎಂಬುದೂ ಇದೆ. ಪಕ್ಕದ ಟೇಬಲ್ಲಿನ ವಯಸ್ಸಿನ ಕಾಲಮ್ಮಿನಲ್ಲಿ ಮಾತ್ರ, ನಂಬರಿನ ಬದಲು ಒಂದು ಸಣ್ಣ ಗೆರೆ.