ಖಜೂರಿಯಲ್ಲಿ ಸಿಗದ ಭಾಗ್ಯಜ್ಯೋತಿ

ಆಳಂದದ ಪಂಚಶೀಲಾ ಓದಿದ್ದು ಬಿಎಸ್ಸಿ, ಸಿಕ್ಕ ಕೆಲಸ ಮಾತ್ರ ವಿಚಿತ್ರದ್ದು. ಮೂರನೆಯ ತರಗತಿಯ ಒಂದಷ್ಟು ಮಕ್ಕಳನ್ನು ಗುರುತು ಮಾಡಿಕೊಂಡು, ಅವೇ ಮಕ್ಕಳನ್ನು ವರ್ಷಕ್ಕೊಮ್ಮೆ ಹುಡುಕಿ ಹೋಗಿ ಗಣಿತ, ವಿಜ್ಞಾನದ ಪ್ರಶ್ನೆ ಕೊಡಬೇಕು. ಬೆಳೆಯುತ್ತ ಹೋದಂತೆ ಮಕ್ಕಳ ಕಲಿಕೆ ಎಲ್ಲಿ ಚಿಗುರುತ್ತದೆ, ಎಲ್ಲಿ ಮುರುಟುತ್ತದೆ ಎಂದು ಸಂಶೋಧಕರು ಅದರಿಂದ ತಿಳಿಯುತ್ತಾರಂತೆ. ಇದನ್ನು ಊರವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳಿಗೆ ಸಾಕುಬೇಕಾಗುತ್ತಿತ್ತು. ಪಾಸೂ ಇಲ್ಲ, ಫೇಲೂ ಇಲ್ಲ ಅಂದರೆ ಅದೆಂಥ ಪರೀಕ್ಷೆ ಎಂದು ಹಿರೋಳ್ಳಿಯ ಹಿರಿಯರೊಬ್ಬರು ಚಹಾ ಕುಡಿಸಿಯೇ ಬೈದಿದ್ದರು.

ಈಗ ಕೊನೆಯ ಸುತ್ತು. ಆ ಹುಡುಗರಿಗೆಲ್ಲ ಮೀಸೆ ಬಂದಿದೆ. ಖಜೂರಿಯ ಬಸ್ಸಿನಲ್ಲಿ ಕೂತ ಪಂಚಶೀಲಾಳಿಗೆ ಮಾದನಹಿಪ್ಪರಗಾದ ಶಾಲೆಯ ಬೇವಿನ ಮರ ನೆನಪಾಯಿತು. ಮೊದಲ ವರ್ಷ ಮಕ್ಕಳನ್ನು ಅದರ ಕೆಳಗೇ ಕೂರಿಸಿದ್ದಳು. ನೆರಳು ಯಾವಾಗ ಗಿಡ್ಡವಾಗುತ್ತದೆ ಎಂಬ ಪ್ರಶ್ನೆಗೆ ಉಳಿದವರೆಲ್ಲ ಪಕ್ಕದವರ ಹಾಳೆ ಇಣುಕಿದರೆ, ಭಾಗ್ಯಜ್ಯೋತಿ ಎಂಬ ಪುಟ್ಟಿ ಎದ್ದು ಹೋಗಿ ಮರದ ನೆರಳನ್ನೇ ನೋಡಿ ಬಂದಿದ್ದಳು. ಹಾಗೆ ಏಳಬಾರದೆಂದು ನಿಯಮ. ಪಂಚಶೀಲಾ ಕಂಡೂ ಕಾಣದವಳಂತೆ ಬೇರೆಡೆ ಮುಖ ತಿರುಗಿಸಿದ್ದಳು. ಅಂದಿನಿಂದ ಆ ಹುಡುಗಿಯೆಂದರೆ ಅವಳಿಗೆ ಜೀವ.

ಭಾಗ್ಯಜ್ಯೋತಿ ಹತ್ತನೆಯದಕ್ಕೇ ಶಾಲೆ ಬಿಟ್ಟರೂ ವರ್ಷ ವರ್ಷ ತವರಿನಲ್ಲಿ ಸಿಗುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಮದುವೆಯಾಗಿ ಖಜೂರಿಗೆ ಹೋದಳೆಂಬುದಷ್ಟೇ ಸುದ್ದಿ. ತವರಿನವರು ಕಬ್ಬು ಕಡಿಯಲು ಹೋಗಿದ್ದರಿಂದ ಗಂಡನ ಮನೆ ಯಾವುದೆಂದು ಹೇಳುವವರಿಲ್ಲ. ಸಂಜೆಯೊಳಗೆ ಸಿಗದಿದ್ದರೆ ‘ಸಂಪರ್ಕ ತಪ್ಪಿದೆ’ ಎಂದು ಟ್ಯಾಬಿನಲ್ಲಿ ಒತ್ತಿಬಿಡಿ ಎಂದಿದ್ದರು ಕಚೇರಿಯವರು. ಒತ್ತಿದರೆ ಆ ಹುಡುಗಿ ಇಷ್ಟು ವರ್ಷ ಬರೆದದ್ದೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಫ್ಯಾನಿನ ಕೆಳಗೆ ಕೂತವರಿಗೇನು, ಹೇಳುವುದು ಸುಲಭ.

ಖಜೂರಿಯ ಓಣಿ ಓಣಿ ಅಲೆದಳು. ಆ ಹೆಸರಿನ ಸೊಸೆ ಇಲ್ಲ ಅಂದರು ಎಲ್ಲರೂ. ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಗುರಮ್ಮನಂತೂ ಇಂಥ ಹೆಸರೇ ಕೇಳಿಲ್ಲವೆಂದು ನೀರು ಕೊಟ್ಟು ಕಳಿಸಿದಳು. ಸೋತು ಕಿರಾಣಿ ಅಂಗಡಿಯ ಮುಂದೆ ಕೂತಾಗ ಅಂಗಡಿಯ ಖಾಜಾ ಏನು ಸಮಾಚಾರವೆಂದು ವಿಚಾರಿಸಿದ.

“ಹೆಸರು ಬಿಡ್ರಿ, ತವರೂರು ಯಾವದು ಹೇಳ್ರಿ” ಅಂದ.

ಮಾದನಹಿಪ್ಪರಗಾ ಅಂದದ್ದೇ ತಡ, ಗುರಮ್ಮನ ಮನೆಯತ್ತಲೇ ಕೈ ತೋರಿಸಿದ. ಪಂಚಶೀಲಾ ಹಣೆ ಬಡಿದುಕೊಂಡಳು. ಗಡಿ ಸೀಮೆಯ ಪದ್ಧತಿ ಅವಳಿಗೇನು ಗೊತ್ತಿಲ್ಲದ್ದೇ? ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಅದರ ಮೇಲೆ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಗುರಮ್ಮನ ಸೊಸೆ ಈಗ ಪಲ್ಲವಿ. ತವರಿನವರೂ ಮಗಳನ್ನು ‘ಸಣ್ಣಾಕಿ’ ಎಂದೇ ಕರೆಯುತ್ತಿದ್ದುದರಿಂದ ಶಾಲೆಯ ಹೆಸರು ಅತ್ತೆಯ ಕಿವಿಗೆ ಬಿದ್ದೇ ಇರಲಿಲ್ಲ.

ಪಂಚಶೀಲಾ ಮತ್ತೆ ಆ ಮನೆಗೆ ಹೋಗಿ ಕರೆದಾಗ, ಒಳಗಿಂದ ಓಡಿಬಂದ ಭಾಗ್ಯಜ್ಯೋತಿ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಅವಳನ್ನು ತಬ್ಬಿಕೊಂಡಳು. ಗುರಮ್ಮ ನಾಚಿ, ರೊಟ್ಟಿ ತಾನೇ ಬಡಿಯುತ್ತೇನೆಂದು ಒಳಗೆ ಹೋದಳು. ಕಟ್ಟೆಯ ಮೇಲೆ ಕೂತು ಹುಡುಗಿ ಪ್ರಶ್ನೆಗಳನ್ನೆಲ್ಲ ಮುಗಿಸಿದಳು. ಮುಗಿಸಿ, ಮುಂದಿನ ವರ್ಷ ಯಾವಾಗ ಬರುತ್ತೀರೆಂದು ಕೇಳಿದಳು.

ಕೆಲಸ ಮುಗಿಯಿತು, ಇನ್ನು ಬರುವುದಿಲ್ಲ ಎಂದು ಹೇಳಲೇಬೇಕಾಯಿತು.

“ಸಾಲಿ ಬಿಟ್ಟ ಮ್ಯಾಲ ನೀವು ಬಿಟ್ರ ನನಗ ಯಾರು ಲೆಕ್ಕಾ ಕೊಟ್ಟಾರ್ರಿ, ಅಕ್ಕಾ” ಅಂದಳು ಭಾಗ್ಯಜ್ಯೋತಿ. “ವರ್ಷಾ ದಾರಿ ಕಾಯ್ತಿದ್ದೆ. ಹೋಗೂ ಮುಂದ ಇನ್ನೊಂದರ ಕೊಟ್ಟು ಹೋಗ್ರಿ.”

ಹೆಚ್ಚಿನ ಪ್ರಶ್ನೆಗೆ ಟ್ಯಾಬಿನಲ್ಲಿ ಜಾಗವಿರಲಿಲ್ಲ. ಪಂಚಶೀಲಾ ಅದನ್ನು ಚೀಲಕ್ಕೆ ತುರುಕಿ, ಒಲೆಯ ಇದ್ದಿಲು ತರಿಸಿ, ಕಟ್ಟೆಯ ಫರಸಿ ಕಲ್ಲಿನ ಮೇಲೆ ತನಗೆ ತೋಚಿದ ಲೆಕ್ಕವೊಂದನ್ನು ಬರೆದಳು. ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡು ನೋಡಿದಳು, ಇದ್ದಿಲು ಕಸಿದುಕೊಂಡು ಉತ್ತರ ಬರೆದಳು.

“ಇದು ಭಾಳ ಸಸಾರ ಆತ್ರಿ. ಕಠಿಣ ಇದ್ದದ್ದು ಕೊಡ್ರಿ.”